24ನೇ ಮಿಷಿಗನ್ ಪಡೆಯ ಒಬ್ಬ ಸಿಪಾಯಿಯನ್ನು ಹುಡುಕಿದ ಬಗೆ

ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆಯ ದಾರಿಯಲ್ಲಿ, ಒಂದು ಕಾಲಕ್ಕೆ ಗೋಧಿ ಮತ್ತು ಮೆಕ್ಕೆಜೋಳದ ಹೊಲಗಳಾಗಿದ್ದು ಈಗ ನನ್ನಂತಹ ಕಾರು ಕಂಪನಿಗಳ ಎಂಜಿನಿಯರುಗಳ ಮನೆಗಳಿಂದ ತುಂಬಿಹೋಗಿರುವ ಬಡಾವಣೆಯ ಮಗ್ಗುಲಲ್ಲಿ, ಅರ್ಧ ಎಕರೆಯಷ್ಟು ವಿಸ್ತಾರದ ಒಂದು ಹಳೆಯ ಸ್ಮಶಾನವಿದೆ. ಸಂಜೆಯ ನಡಿಗೆಯಲ್ಲಿ ಅದರ ಬೇಲಿಯ ಪಕ್ಕದಲ್ಲೇ ಆರು ವರ್ಷ ಓಡಾಡಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. 2017ರ ಮೇ ತಿಂಗಳ ಕೊನೆಯಲ್ಲಿ, ಹುತಾತ್ಮ ಸೈನಿಕರ ಸ್ಮರಣೆಯ ದಿನದಂದು, ಒಂದು ಗೋರಿಯ ಮುಂದೆ ಯಾರೋ ಅಂಗೈಯಗಲದ ಧ್ವಜ ನೆಟ್ಟಿದ್ದು ಕಂಡು ಒಳಗೆ ಹೋದೆ. ಬಿಳಿ ಅಮೃತಶಿಲೆಯ ಸಣ್ಣ ಕಲ್ಲು. ನಡುವೆ ಗುರಾಣಿಯ ಆಕಾರದಲ್ಲಿ ತಗ್ಗು ಕೊರೆದು, ಅದರೊಳಗೆ ಹೆಸರು, ರೆಜಿಮೆಂಟು ಎಂಬ ಪಡೆಯ ಸಂಖ್ಯೆ, ಅದರೊಳಗಿನ ಕಂಪನಿ ಎಂಬ ತುಕಡಿ ಇಷ್ಟನ್ನೇ ಕೆತ್ತಿದ್ದರು. ಹುಟ್ಟಿದ ದಿನವಿಲ್ಲ, ಸತ್ತ ದಿನವಿಲ್ಲ. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯ ರಾಜ್ಯಗಳ ವಿರುದ್ಧ ಹೋರಾಡಿ, ಖಾಸಗಿ ಸ್ಮಶಾನಗಳಲ್ಲಿ ಮಣ್ಣಾದ ಒಕ್ಕೂಟ ಪಕ್ಷದ ಸೈನಿಕರಿಗೂ ಸರ್ಕಾರವೇ ಕಲ್ಲು ಒದಗಿಸಬೇಕೆಂದು 1879ರಲ್ಲಿ ಕಾನೂನು ಬಂತು. ಗುರಾಣಿಯ ತಗ್ಗು ಇರುವ ಕಲ್ಲೆಂದರೆ ಸಾಮಾನ್ಯವಾಗಿ ಆ ಯುದ್ಧದವನ ಕಲ್ಲು ಎಂದು ದೂರದಿಂದಲೇ ಗುರುತಿಸುವುದನ್ನು ನಾನು ಕಲಿತದ್ದು ಆಮೇಲೆ.

ಆತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆತನ ಮರಿಮಕ್ಕಳು ಇದೇ ಕೌಂಟಿಯಲ್ಲಿ ಬಾಳುತ್ತಿದ್ದಾರೆ, ಮತ್ತು ಕಡತದಲ್ಲಿ ನನಗೆ ಸಿಕ್ಕ ಕೆಲವು ಸಂಗತಿಗಳು ಆತನ ದೇಹಕ್ಕೆ, ಮನೆಗೆ ಸಂಬಂಧಪಟ್ಟವು. ಹುಡುಕಾಟದ ದಾರಿ ಮಾತ್ರ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ವಿವರವಾಗಿ ಹೇಳುತ್ತಿದ್ದೇನೆ.

ಮೊದಲನೆಯ ಹೆಜ್ಜೆಯಲ್ಲೇ ನಾನು ಎಡವಿದೆ. ಮಳೆ, ಹಿಮಗಳಿಗೆ ಸವೆದಿದ್ದ ಕಲ್ಲಿನಲ್ಲಿ ರೆಜಿಮೆಂಟಿನ ಸಂಖ್ಯೆಯನ್ನು 21 ಎಂದು ಓದಿಕೊಂಡು, 21ನೇ ಮಿಷಿಗನ್ ಪಡೆಯಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನವನೊಬ್ಬನನ್ನು ಹಿಡಿದು, ಎರಡು ತಿಂಗಳು ಆತನ ಬೆನ್ನ ಹಿಂದೆ ಚಿಕಮಾಗಾ ಕದನದವರೆಗೆ ಹೋದೆ. 21ನೇ ಪಡೆಯನ್ನು ಕಟ್ಟಿದ್ದು ರಾಜ್ಯದ ಪಶ್ಚಿಮ ಭಾಗದ ಅಯೋನಿಯಾ ಮತ್ತು ಗ್ರ್ಯಾಂಡ್ ರಾಪಿಡ್ಸ್ ಕಡೆಯವರಿಂದ ಎಂಬುದೇ ನನ್ನನ್ನು ಎಚ್ಚರಿಸಬೇಕಿತ್ತು. ಆ ಯುದ್ಧದಲ್ಲಿ ಪಡೆಗಳು ಊರಿನಿಂದ, ಕೌಂಟಿಯಿಂದ ಎದ್ದು ಬಂದವು. ಒಂದು ಕಂಪನಿಯೆಂದರೆ ಅಣ್ಣತಮ್ಮಂದಿರು, ನೆರೆಹೊರೆಯವರು, ಒಂದೇ ಚರ್ಚಿಗೆ ಹೋಗುತ್ತಿದ್ದವರು. ಕಲ್ಲು ಇರುವ ಊರು ಮತ್ತು ಪಡೆ ಹುಟ್ಟಿದ ಊರು ಹೊಂದದಿದ್ದರೆ ಮೊದಲು ಅನುಮಾನಿಸಬೇಕಾದದ್ದು ನಮ್ಮ ಓದನ್ನು. ಸ್ಥಳೀಯ ಗ್ರಂಥಾಲಯದ ಇತಿಹಾಸ ವಿಭಾಗದ ಒಬ್ಬ ವೃದ್ಧರು ಕಲ್ಲಿಗೆ ಸುಣ್ಣದಕಡ್ಡಿ ಉಜ್ಜಬೇಡಿ, ಕ್ಷೌರದ ನೊರೆ ಹಚ್ಚಬೇಡಿ, ಎರಡೂ ಅಮೃತಶಿಲೆಯನ್ನು ತಿನ್ನುತ್ತವೆ ಎಂದು ಎಚ್ಚರಿಸಿ, ಒಂದು ನಿಲುವುಗನ್ನಡಿ ತೆಗೆದುಕೊಂಡು ಹೋಗಿ ಬಿಸಿಲನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ ನೋಡಿ ಎಂದರು. ಬಚ್ಚಲುಮನೆಯ ಕನ್ನಡಿಯನ್ನು ಬಿಚ್ಚಿಕೊಂಡು ಹೋದೆ. ಓರೆ ಬೆಳಕು ಬಿದ್ದ ಕೂಡಲೇ ಒಂದರ ಎಡಕ್ಕೆ ಸವೆದುಹೋಗಿದ್ದ ಗೆರೆಗಳ ನೆರಳು ಎದ್ದು 24 ಎಂಬುದು ಸ್ಪಷ್ಟವಾಯಿತು.

24ನೇ ಮಿಷಿಗನ್ ಪದಾತಿ ಪಡೆ ವೇನ್ ಕೌಂಟಿಯದೇ, ಎಂದರೆ ನಾನಿರುವ ಕೌಂಟಿಯದೇ. 1862ರ ಜುಲೈಯಲ್ಲಿ ಡೆಟ್ರಾಯಿಟ್‌ನ ಕ್ಯಾಂಪಸ್ ಮಾರ್ಷಿಯಸ್ ಚೌಕದಲ್ಲಿ ಸೈನ್ಯಕ್ಕೆ ಜನ ಸೇರಿಸಲು ಕರೆದ ಸಭೆ ಗಲಭೆಯಲ್ಲಿ ಮುಗಿದಾಗ, ಊರಿಗೆ ಬಂದ ಅಪಕೀರ್ತಿಯನ್ನು ತೊಳೆಯಲೆಂದು ಒಂದು ಪಡೆಯನ್ನೇ ಹೆಚ್ಚುವರಿಯಾಗಿ ಕೊಡುವ ನಿರ್ಧಾರವಾಗಿ, ಕೆಲವೇ ವಾರಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. ನ್ಯಾಯಾಧೀಶರಾಗಿದ್ದ ಹೆನ್ರಿ ಮಾರೋ ಕರ್ನಲ್ ಆದರು. ಅಕ್ಟೋಬರಿನಲ್ಲಿ ಈ ಹೊಸಬರನ್ನು ವಿಸ್ಕಾನ್ಸಿನ್ ಮತ್ತು ಇಂಡಿಯಾನಾದ ಪಳಗಿದ ಸೈನಿಕರಿದ್ದ 'ಐರನ್ ಬ್ರಿಗೇಡ್'ಗೆ ಸೇರಿಸಿದಾಗ, ಆ್ಯಂಟಿಟಮ್ ಕದನದಲ್ಲಿ ಸಂಗಾತಿಗಳನ್ನು ಕಳೆದುಕೊಂಡು ಇನ್ನೂ ತಿಂಗಳಾಗಿರದ ಹಳಬರು ಇವರನ್ನು ಹತ್ತಿರಕ್ಕೇ ಸೇರಿಸಿಕೊಳ್ಳಲಿಲ್ಲ. ಡಿಸೆಂಬರಿನ ಫ್ರೆಡರಿಕ್ಸ್‌ಬರ್ಗ್ ಕದನದಲ್ಲಿ ಫಿರಂಗಿ ಗುಂಡುಗಳು ಬೀಳುತ್ತಿದ್ದಾಗ, ಅಳುಕಲಾರಂಭಿಸಿದ ಸಾಲನ್ನು ನಿಲ್ಲಿಸಿ ಮಾರೋ ಅಲ್ಲಿಯೇ ಬಂದೂಕಿನ ಕವಾಯತು ಮಾಡಿಸಿದ ಮೇಲೆ ಆ ಹಳಬರ ಮನಸ್ಸು ಬದಲಾಯಿತು. ಬ್ರಿಗೇಡಿನ ಗುರುತಾದ ಕಪ್ಪು ಟೋಪಿ ಇವರ ತಲೆಗೇರಿದ್ದು ಮರುವರ್ಷದ ಮೇ ತಿಂಗಳಲ್ಲಿ.

ಇದೆಲ್ಲ ಪಡೆಯ ಕಥೆ. ಅಚ್ಚಾಗಿರುವುದು, ಹುಡುಕಿದವರಿಗೆ ಸಿಗುವಂಥದ್ದು. ಆ ಪಡೆಯಲ್ಲಿದ್ದು ಫ್ರೆಡರಿಕ್ಸ್‌ಬರ್ಗ್‌ನಲ್ಲಿ ತೋಳು ಕಳೆದುಕೊಂಡವರೊಬ್ಬರು 1891ರಲ್ಲಿ ಅದರ ಚರಿತ್ರೆಯನ್ನು ಪ್ರಕಟಿಸಿದ್ದಾರೆ. ಮಿಷಿಗನ್ ರಾಜ್ಯ ತನ್ನ ಸ್ವಯಂಸೇವಕ ಸೈನಿಕರ ಸೇವಾ ವಿವರಗಳನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಆದರೆ ನನ್ನ ಸಿಪಾಯಿಗೆ ಆ ಸಂಪುಟದಲ್ಲಿ ಸಿಕ್ಕ ಜಾಗ ನಾಲ್ಕು ಸಾಲು: ಸೇರಿದ್ದು, ವಯಸ್ಸು 18, ಗೆಟ್ಟಿಸ್‌ಬರ್ಗ್‌ನಲ್ಲಿ ಗಾಯ, 1865ರ ಜೂನ್ 30ರಂದು ಡೆಟ್ರಾಯಿಟ್‌ನಲ್ಲಿ ಬಿಡುಗಡೆ. ಸಾಮಾನ್ಯ ಸೈನಿಕನ ಬಗ್ಗೆ ಅಧಿಕಾರಿಗಳ ವರದಿಗಳಲ್ಲಿ ಹೆಸರು ಬರುವುದಿಲ್ಲ. ಆತ ಸಂಖ್ಯೆಯೊಳಗೆ ಒಂದು ಸಂಖ್ಯೆಯಾಗಿರುತ್ತಾನೆ.

ಹಾಗಾಗಿ 2018ರ ವಸಂತದಲ್ಲಿ ನಾಲ್ಕು ದಿನ ರಜೆ ಹಾಕಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದೆ. ಹಣ ಕಟ್ಟಿ ಅಂಚೆಯಲ್ಲೇ ಪ್ರತಿ ತರಿಸಿಕೊಳ್ಳಬಹುದು. ಆದರೂ ಒಮ್ಮೆಯಾದರೂ ಸ್ವತಃ ಹೋಗಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಹಾಳೆಯ ಹಿಂಬದಿಯ ಪೆನ್ಸಿಲ್ ಗೀಚುಗಳು, ಮಡಿಕೆಯ ಒಳಗೆ ಸೇರಿಕೊಂಡ ಚೀಟಿಗಳು ಪ್ರತಿ ತೆಗೆಯುವವರ ಕಣ್ಣಿಗೆ ಬೀಳದೆ ಹೋಗುವುದುಂಟು. ಸಂಶೋಧಕರ ಚೀಟಿ ಮಾಡಿಸಲು ಹಣ ಕೊಡಬೇಕಿಲ್ಲ. ಓದುವ ಕೋಣೆಯೊಳಗೆ ಶಾಯಿಯ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಫೋನಿನಲ್ಲಿ ಚಿತ್ರ ತೆಗೆಯಬಹುದು, ಮಿಂಚು ಹೊಡೆಯುವಂತಿಲ್ಲ. ಕಡತಗಳನ್ನು ದಿನದ ನಿಗದಿತ ವೇಳೆಗಳಲ್ಲಷ್ಟೇ ಹೊರತೆಗೆಯುವುದರಿಂದ ಬೆಳಗಿನ ಮೊದಲ ಸರದಿಗೇ ಬೇಡಿಕೆ ಚೀಟಿ ಬರೆದುಕೊಡುವುದು ಲೇಸು. ನಾನು ಎರಡು ಬಗೆಯ ದಾಖಲೆ ಕೇಳಿದ್ದೆ: ಸೇವಾ ದಾಖಲೆ ಮತ್ತು ಪಿಂಚಣಿ ಕಡತ.

ಸೇವಾ ದಾಖಲೆಯೆಂದರೆ ಒಂದು ಲಕೋಟೆಯೊಳಗೆ ಹದಿನೆಂಟು ರಟ್ಟಿನ ಚೀಟಿಗಳು. ಎರಡು ತಿಂಗಳಿಗೊಮ್ಮೆ ತೆಗೆಯುತ್ತಿದ್ದ ಹಾಜರಿ ಪಟ್ಟಿಗಳಿಂದ ಒಬ್ಬೊಬ್ಬನ ವಿವರವನ್ನೂ ಯುದ್ಧ ಮುಗಿದು ದಶಕಗಳಾದ ಮೇಲೆ ಯುದ್ಧ ಇಲಾಖೆಯ ಗುಮಾಸ್ತರು ಬೇರ್ಪಡಿಸಿ ಬರೆದಿಟ್ಟ ಚೀಟಿಗಳಿವು. ಹಾಜರು, ಹಾಜರು, ಹಾಜರು. 1863ರ ಜುಲೈ–ಆಗಸ್ಟ್ ಚೀಟಿಯಲ್ಲಿ ಗೈರುಹಾಜರು, ಗಾಯಾಳು, ಫಿಲಡೆಲ್ಫಿಯಾದ ಸ್ಯಾಟರ್ಲೀ ಆಸ್ಪತ್ರೆ. 1864ರ ಮಾರ್ಚ್–ಏಪ್ರಿಲಿನಲ್ಲಿ ಮತ್ತೆ ಹಾಜರು, ಎಂದರೆ ಮೇ 5ರ ವೈಲ್ಡರ್ನೆಸ್ ಕಾಡಿನ ಕದನಕ್ಕೆ ಸರಿಯಾಗಿ ಮರಳಿದ್ದ. ತಿಂಗಳಿಗೆ 13 ಡಾಲರ್ ಸಂಬಳ. ಅದು 1864ರಲ್ಲಿ 16 ಆಯಿತು. ಬಟ್ಟೆಯ ಲೆಕ್ಕದಲ್ಲಿ ಸರ್ಕಾರಕ್ಕೆ ಬಾಕಿ ಇದ್ದ ಕೆಲವು ಡಾಲರುಗಳು. ಅಷ್ಟೇ.

ಮೊದಲ ಸಾಲಿನ ಕೊನೆಯ 'ಹಾಜರು' ಚೀಟಿಗೂ ಆ ಗೈರುಹಾಜರಿಯ ಚೀಟಿಗೂ ನಡುವೆ 1863ರ ಜುಲೈ 1 ಇದೆ. ಗೆಟ್ಟಿಸ್‌ಬರ್ಗ್ ಊರಿನ ಪಶ್ಚಿಮದ ಹರ್ಬ್ಸ್ಟ್ ತೋಪಿನಲ್ಲಿ ಆ ದಿನ 24ನೇ ಮಿಷಿಗನ್ ಪಡೆಯ 496 ಮಂದಿ ಕಾದಾಡಿದರು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 363 ಮಂದಿ ಸಂಜೆಯ ಎಣಿಕೆಗೆ ಸಿಗಲಿಲ್ಲ. ಎದುರಿಗಿದ್ದ 26ನೇ ನಾರ್ತ್ ಕೆರೊಲಿನಾ ಪಡೆ 800ಕ್ಕೂ ಹೆಚ್ಚು ಮಂದಿಯೊಂದಿಗೆ ಬಂದು ಅದಕ್ಕಿಂತಲೂ ದೊಡ್ಡ ಸಂಖ್ಯೆಯನ್ನು ಕಳೆದುಕೊಂಡಿತು. ಅದರ ಕರ್ನಲ್ ಹೆನ್ರಿ ಬರ್ಗ್ವಿನ್ 21 ವರ್ಷದ ಹುಡುಗ, ಬಾವುಟ ಹಿಡಿದು ಸತ್ತ. ನಾನು ಆ ತೋಪಿಗೆ ಎರಡು ಬಾರಿ ಹೋಗಿದ್ದೇನೆ. ಮರಗಳ ನಡುವಿನ ಇಳಿಜಾರು ಎಷ್ಟು ಚಿಕ್ಕದೆಂದರೆ, ಎರಡು ಸಾಲುಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆದಾಗ ನನ್ನ ಎಣಿಕೆಯೇ ತಪ್ಪಿರಬೇಕೆಂದು ಮತ್ತೆ ಅಳೆದೆ. ನನ್ನ ಸಿಪಾಯಿಯ ಎಡ ಭುಜಕ್ಕೆ ಗುಂಡು ಬಿದ್ದದ್ದು ಅಲ್ಲಿ. ಸಂಜೆಗೆ ಊರು ದಕ್ಷಿಣದವರ ಕೈಗೆ ಹೋದದ್ದರಿಂದ, ಊರಿನ ಕಟ್ಟಡಗಳಲ್ಲಿ ಮಲಗಿಸಿದ್ದ ಗಾಯಾಳುಗಳು ಮೂರು ದಿನ ಶತ್ರುವಿನ ಸಾಲಿನ ಒಳಗೇ ಉಳಿಯಬೇಕಾಯಿತು. ಇದನ್ನು ನಾನು ತಿಳಿದದ್ದು ಸೇವಾ ದಾಖಲೆಯಿಂದಲ್ಲ, ಎರಡನೆಯ ದಿನ ಮಧ್ಯಾಹ್ನ ನನ್ನ ಮೇಜಿಗೆ ಬಂದ ಪಿಂಚಣಿ ಕಡತದಿಂದ.

ಕಡತ ಮೂರು ಮಡಿಕೆಯಾಗಿ ಮಡಿಚಿದ 142 ಹಾಳೆಗಳದು. ಸರ್ಕಾರಿ ಕೆಲಸದ ನಿಧಾನಕ್ಕೆ ನಾವು 'ಕೆಂಪುಪಟ್ಟಿ' ಎನ್ನುತ್ತೇವಲ್ಲ, ಅಂತಹ ಮಾಸಿದ ಕೆಂಪು ಪಟ್ಟಿಯಿಂದ ನಿಜವಾಗಿಯೂ ಕಟ್ಟಿದ್ದ ಕಡತವನ್ನು ನಾನು ಬಿಚ್ಚಿದ್ದು ಅದೇ ಮೊದಲು. ಮೂರು ವರ್ಷಗಳ ಯುದ್ಧಕ್ಕೆ ಹದಿನೆಂಟು ಚೀಟಿ. ಅನಂತರದ ಬದುಕಿಗೆ 142 ಹಾಳೆ. ಸಂತೋಷದಿಂದ ಎಲ್ಲವನ್ನೂ ಚಿತ್ರ ತೆಗೆದುಕೊಂಡು ಬಂದು, ಮನೆಯಲ್ಲಿ ತಾರೀಖಿನ ಕ್ರಮದಲ್ಲಿ ಜೋಡಿಸಿ, ಒಂದು ಕಾದಂಬರಿಯಂತೆ ಓದಿದೆ. ಹಾಗೆ ಓದಿದ್ದರಿಂದಲೇ ಬಹುಪಾಲು ತಪ್ಪಾಗಿ ಅರ್ಥಮಾಡಿಕೊಂಡೆ.

ಮೊದಲ ಅರ್ಜಿ 1880ರ ಜೂನ್ ತಿಂಗಳದು. ಗುಂಡು ಬಿದ್ದು ಹದಿನೇಳು ವರ್ಷವಾದ ಮೇಲೆ! ಅಷ್ಟು ಕಾಲ ಏನನ್ನೂ ಕೇಳದ ಸ್ವಾಭಿಮಾನಿ ರೈತ, ಕೊನೆಗೆ ಬಡತನಕ್ಕೆ ಮಣಿದು ಕೈಚಾಚಿದ ಎಂದು ನನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದೇನೆ. ಈಗ ಅದನ್ನು ನೋಡಿದರೆ ನಾಚಿಕೆಯಾಗುತ್ತದೆ. ನಡೆದದ್ದು ಬೇರೆ. 1862ರ ಕಾನೂನಿನಂತೆ ಪೂರ್ತಿ ದುಡಿಯಲಾರದ ಸಿಪಾಯಿಗೆ ತಿಂಗಳಿಗೆ 8 ಡಾಲರ್ ಪಿಂಚಣಿ; ಭಾಗಶಃ ಅಶಕ್ತನಾದವನಿಗೆ ಅದರ ಒಂದು ಪಾಲು, ತಡವಾಗಿ ಅರ್ಜಿ ಹಾಕಿದವನಿಗೆ ಅರ್ಜಿಯ ದಿನದಿಂದ ಮಾತ್ರ. 1879ರಲ್ಲಿ ಬಂದ ಬಾಕಿ ಪಾವತಿಯ ಕಾನೂನು, ಸೇನೆಯಿಂದ ಬಿಡುಗಡೆಯಾದ ದಿನದಿಂದಲೇ ಲೆಕ್ಕ ಹಾಕಿ ಇಡಿಗಂಟಾಗಿ ಕೊಡುತ್ತೇವೆ, ಆದರೆ 1880ರ ಜುಲೈ 1ಕ್ಕೆ ಮೊದಲು ಅರ್ಜಿ ಹಾಕಿರಬೇಕು ಎಂದಿತು. ನನ್ನ ಸಿಪಾಯಿ ಗಡುವಿಗೆ ಹನ್ನೊಂದು ದಿನ ಇರುವಾಗ ನೋಟರಿಯ ಮುಂದೆ ನಿಂತಿದ್ದ. ಬಡತನವೂ ಅಲ್ಲ, ಸ್ವಾಭಿಮಾನವೂ ಅಲ್ಲ, ತಾರೀಖು.

ಆ ಹೊತ್ತಿನಿಂದ ನಾನು ಕ್ರಮ ಬದಲಿಸಿದೆ. ಒಂದು ಕಾಗದದ ಎಡಗಡೆ ಕಾನೂನುಗಳ ಸಾಲು (1862, 1879, 1890, 1907, 1912), ಬಲಗಡೆ ಕಡತದ ಹಾಳೆಗಳ ಸಾಲು. ಬಲಗಡೆಯ ಪ್ರತಿಯೊಂದು ಚಲನೆಗೂ ಎಡಗಡೆ ಒಂದು ಕಾರಣ ಇದ್ದೇ ಇತ್ತು. ಪಿಂಚಣಿ ಕಡತ ಜೀವನಚರಿತ್ರೆಯಲ್ಲ, ಅರ್ಜಿಗಳ ಕಟ್ಟು. ಕಾನೂನು ಏನನ್ನು ಕೇಳಿತೋ ಅದನ್ನಷ್ಟೇ ಮನುಷ್ಯ ಹೇಳುತ್ತಾನೆ, ಅದಕ್ಕೆ ಬೇಕಾದ ಸಾಕ್ಷಿಯನ್ನಷ್ಟೇ ನೆರೆಯವರು ನುಡಿಯುತ್ತಾರೆ. ಕಾನೂನನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಕಡತಗಳನ್ನು ಓದಲು ಯಾರೂ ಕೈಹಾಕಬಾರದು.

1883ರ ಜುಲೈಯಲ್ಲಿ ಭುಜದ ಗಾಯಕ್ಕೆ ತಿಂಗಳಿಗೆ 2 ಡಾಲರ್ ಮಂಜೂರಾಯಿತು. ಬಿಡುಗಡೆಯ ದಿನದಿಂದ ಹದಿನೆಂಟು ವರ್ಷ, 216 ತಿಂಗಳು, 432 ಡಾಲರ್ ಬಾಕಿ. ಈ ಮೊತ್ತ ಏನಾಯಿತೆಂದು ಕಡತ ಹೇಳುವುದಿಲ್ಲ. ಪಿಂಚಣಿ ಇಲಾಖೆಗೆ ಅದು ಬೇಕಿರಲಿಲ್ಲ. ಕೌಂಟಿಯ ನೋಂದಣಿ ಕಚೇರಿಯಲ್ಲಿ ಕ್ರಯಪತ್ರಗಳ ಸೂಚಿಯನ್ನು ತೆಗೆಸಿ ನೋಡಿದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಆತ ತನ್ನ ಹೊಲಕ್ಕೆ ಹೊಂದಿದ್ದ ಹನ್ನೆರಡು ಎಕರೆಯನ್ನು ಕೊಂಡದ್ದು ಸಿಕ್ಕಿತು. ಬೆಲೆ 400 ಡಾಲರ್. ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಮಧ್ಯಾಹ್ನ ಅದು. ಆ ಹನ್ನೆರಡು ಎಕರೆಯ ಒಂದು ಮೂಲೆಯಲ್ಲಿ ಈಗ ನಾವು ತರಕಾರಿ ಕೊಳ್ಳುವ ಅಂಗಡಿಯ ವಾಹನ ನಿಲ್ದಾಣವಿದೆ.

ಅದೇ ಅರ್ಜಿಯಲ್ಲಿ ಆತ ಇನ್ನೊಂದನ್ನೂ ಕೇಳಿದ್ದ: 1864ರ ಬೇಸಿಗೆಯಲ್ಲಿ ಪೀಟರ್ಸ್‌ಬರ್ಗ್‌ನ ಕಂದಕಗಳಲ್ಲಿ ಹಿಡಿದ ಭೇದಿ ಬಿಟ್ಟಿಲ್ಲ ಎಂದು. ಆ ಯುದ್ಧದಲ್ಲಿ ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ರೋಗದಿಂದ ಸತ್ತರು. ಬದುಕಿ ಬಂದವರಲ್ಲಿ ಅನೇಕರಿಗೆ ಹೊಟ್ಟೆ ಮೊದಲಿನಂತಾಗಲೇ ಇಲ್ಲ. ಆದರೆ ಆ ಭೇದಿಗೆ ಆಸ್ಪತ್ರೆಯ ದಾಖಲೆ ಇಲ್ಲವೆಂಬ ಕಾರಣಕ್ಕೆ ಅದು ತಿರಸ್ಕೃತವಾಯಿತು. ನಮ್ಮ ತಂದೆಯವರು ಭೂಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾಗಿ ಹಾಸನದಲ್ಲಿದ್ದಾರೆ. ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡುವವರು. ಈ ತಿರಸ್ಕಾರದ ಹಾಳೆಯನ್ನು ಫೋನಿನಲ್ಲಿ ಅವರಿಗೆ ಅನುವಾದಿಸಿ ಹೇಳಿದಾಗ ಒಂದು ಕ್ಷಣವೂ ಆಶ್ಚರ್ಯಪಡಲಿಲ್ಲ. "ಕಾಯಿಲೆ ಇದೆಯೋ ಇಲ್ಲವೋ ಅನ್ನೋದಲ್ಲ ಕಣೋ ಪ್ರಶ್ನೆ, ಸರ್ವಿಸ್‌ನಲ್ಲೇ ಬಂತು ಅನ್ನೋದಕ್ಕೆ ಕಾಗದ ಇದೆಯಾ ಅನ್ನೋದು" ಎಂದರು. ಆಮೇಲೆ ಕಡತದ ಎಷ್ಟೋ ಹಾಳೆಗಳನ್ನು ನಾನು ಅವರಿಗೆ ಓದಿ ಹೇಳಿ, ಅವರಿಂದ ಅರ್ಥ ಮಾಡಿಸಿಕೊಂಡದ್ದುಂಟು.

ವೈದ್ಯರ ಪ್ರಮಾಣಪತ್ರಗಳು ಕಡತದಲ್ಲಿ ಒಂಬತ್ತಿವೆ. ಮೂವರು ವೈದ್ಯರ ಮಂಡಳಿ ಅರ್ಜಿದಾರನನ್ನು ಬೆತ್ತಲೆ ನಿಲ್ಲಿಸಿ, ತೂಕ, ಎತ್ತರ, ನಾಡಿ ಬರೆದು, ಅಚ್ಚಾದ ಮಾನವಾಕೃತಿಯ ಮೇಲೆ ಗಾಯದ ಜಾಗವನ್ನು ಶಾಯಿಯಲ್ಲಿ ಗುರುತು ಮಾಡಬೇಕು. ಅಶಕ್ತತೆಯನ್ನು ಹದಿನೆಂಟನೇ ಪಾಲುಗಳಲ್ಲಿ ಅಳೆಯುತ್ತಿದ್ದರು. ಈತನ ಭುಜ 1887ರಲ್ಲಿ ಹದಿನೆಂಟರಲ್ಲಿ ನಾಲ್ಕು, 1889ರಲ್ಲಿ ಹದಿನೆಂಟರಲ್ಲಿ ಆರು. ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಲಾರ ಎಂಬ ಒಂದು ವಾಕ್ಯ ಎಲ್ಲದರಲ್ಲೂ ಬರುತ್ತದೆ. 1891ರಿಂದಾಚೆಗೆ ಇನ್ನೊಂದು ವಾಕ್ಯವೂ ಸೇರಿಕೊಳ್ಳುತ್ತದೆ: ದುಶ್ಚಟಗಳ ಲಕ್ಷಣ ಕಾಣುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ಆತ ಕುಡುಕನೆಂಬ ದೂರು ಯಾರಿಂದಲೋ ಹೋಗಿರಬೇಕೆಂದು ಊಹಿಸಿ, ಒಂದು ವಾರ ಊರಿನ ಹಳೆಯ ನ್ಯಾಯಾಲಯದ ದಾಖಲೆಗಳನ್ನು ಜಾಲಾಡಿದೆ. ಎಡಗಡೆಯ ಸಾಲಿನಲ್ಲಿ ಉತ್ತರ ಕಾದಿತ್ತು. 1890ರ ಜೂನ್ 27ರ ಕಾನೂನು, 90 ದಿನ ಸೇವೆ ಸಲ್ಲಿಸಿದ ಯಾವ ಸೈನಿಕನಿಗೂ, ಅಶಕ್ತತೆ ಯುದ್ಧದಲ್ಲಿ ಬಂದದ್ದಲ್ಲದಿದ್ದರೂ, ಅದು ಆತನ ದುಶ್ಚಟದ ಫಲವಲ್ಲದಿದ್ದರೆ ಸಾಕು, ತಿಂಗಳಿಗೆ 6ರಿಂದ 12 ಡಾಲರ್ ಕೊಡುವುದೆಂದು ಹೇಳಿತ್ತು. ಹಾಗಾಗಿ ದೇಶದಾದ್ಯಂತ ಲಕ್ಷಗಟ್ಟಲೆ ಗೌರವಸ್ಥ ಮುದುಕರ ಕಡತಗಳಲ್ಲಿ ಆ ವಾಕ್ಯ ಕಡ್ಡಾಯವಾಗಿ ಬಂದು ಕೂತಿತು. ಪುರಾವೆಯಿಲ್ಲದೆ ಬಿದ್ದುಹೋಗಿದ್ದ ಭೇದಿಗೂ ಆ ಕಾನೂನಿನಿಂದಲೇ ದಾರಿಯಾಯಿತು. ಅದರ ನಂತರದ ಕೆಲವು ವರ್ಷ ಒಕ್ಕೂಟ ಸರ್ಕಾರದ ವರಮಾನದಲ್ಲಿ ನೂರಕ್ಕೆ ನಲವತ್ತರಷ್ಟು ಪಿಂಚಣಿಗೇ ಹೋಯಿತು. ಪತ್ರಾಗಾರದಿಂದ ನಡೆದು ಹೋಗುವಷ್ಟು ದೂರದಲ್ಲಿ ಆ ಇಲಾಖೆಯ ಹಳೆಯ ಕಟ್ಟಡ ಈಗಲೂ ಇದೆ. 1887ರಲ್ಲಿ ಮುಗಿದ ಆ ಇಟ್ಟಿಗೆಯ ಅರಮನೆಯ ಸುತ್ತ 1,200 ಅಡಿ ಉದ್ದಕ್ಕೆ ಮಣ್ಣಿನಲ್ಲಿ ಮಾಡಿ ಸುಟ್ಟ ಸೈನಿಕರ ಸಾಲು ನಡೆಯುತ್ತಲೇ ಇದೆ, ಗಾಯಾಳುಗಳೂ ಅದರಲ್ಲಿದ್ದಾರೆ.

ಅರ್ಜಿಯಲ್ಲಿ ಹೇಳಿದ್ದೆಲ್ಲ ನಿಜವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಹೊಲದ ಇಬ್ಬರು, ಇವನಿಗೆ ಇಡೀ ದಿನ ನೇಗಿಲು ಹಿಡಿಯಲಾಗುವುದಿಲ್ಲ, ಹುಲ್ಲಿನ ಬಣವೆ ಒಟ್ಟಲು ಆಳು ಬೇಕು ಎಂದು ಪ್ರಮಾಣ ಮಾಡಿದ್ದರು. ನೆರೆಯವನಿಗೆ ಸಹಾಯವಾಗಲೆಂದು ನಾವೂ ಹೀಗೆ ಸಾಕ್ಷಿ ಹೇಳುತ್ತೇವೆ. ಆದ್ದರಿಂದ ಪಿಂಚಣಿಗೆ ಸಂಬಂಧವಿಲ್ಲದ ಒಂದು ದಾಖಲೆಯಲ್ಲಿ ಇದನ್ನು ಪರೀಕ್ಷಿಸಬೇಕೆನಿಸಿತು. 1880ರ ಜನಗಣತಿಯ ಜೊತೆ ನಡೆದ ಕೃಷಿ ಗಣತಿಯಲ್ಲಿ ಪ್ರತಿ ರೈತನ ಎಕರೆ, ದನ, ಬೆಳೆಗಳೊಂದಿಗೆ ಹಿಂದಿನ ವರ್ಷ ಕೂಲಿಗೆ ಕೊಟ್ಟ ಹಣ, ಆಳಿಟ್ಟುಕೊಂಡ ವಾರಗಳು ಎಂಬ ಅಂಕಣಗಳಿವೆ. ಈತ 60 ಎಕರೆಗೆ 26 ವಾರ ಆಳಿಟ್ಟಿದ್ದ. ಸುಮಾರು ಅಷ್ಟೇ ಹೊಲವಿದ್ದ ಪಕ್ಕದ ಇಬ್ಬರು ಒಂದು ವಾರವೂ ಇಟ್ಟಿರಲಿಲ್ಲ. ಆತನ ಮಕ್ಕಳು ಆಗಿನ್ನೂ ಚಿಕ್ಕವರು. ಗಣತಿಯವನ ಮುಂದೆ ಸುಳ್ಳು ಹೇಳಿ ಆತನಿಗೆ ಆಗಬೇಕಾದ ಲಾಭವಿರಲಿಲ್ಲವಾದ್ದರಿಂದ, ನೆರೆಯವರ ಸಾಕ್ಷಿಯನ್ನು ನಾನು ಒಪ್ಪಿಕೊಂಡೆ.

1890ರ ಜನಗಣತಿಯ ಬಹುಪಾಲು 1921ರ ಬೆಂಕಿಯಿಂದ ನಾಶವಾಯಿತೆಂದು ಕೇಳಿ ಅನೇಕರು ಆ ವರ್ಷವನ್ನೇ ಕೈಬಿಡುತ್ತಾರೆ. ಅದೇ ಗಣತಿಯಲ್ಲಿ ಒಕ್ಕೂಟ ಪಕ್ಷದ ಮಾಜಿ ಸೈನಿಕರು ಮತ್ತು ಅವರ ವಿಧವೆಯರಿಗೆ ಪ್ರತ್ಯೇಕ ಪಟ್ಟಿ ಮಾಡಿದ್ದರು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕೆಂಟಕಿಯ ಒಂದು ಭಾಗದಿಂದ ಆಚೆಗಿನ ರಾಜ್ಯಗಳವು ಉಳಿದಿವೆ. ಮಿಷಿಗನ್ ಆ ಸಾಲಿನಲ್ಲಿ ಬರುವುದು ನನ್ನ ಅದೃಷ್ಟ.

ಕಡತದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಹಾಳೆ 1898ರದು. ಆ ವರ್ಷ ಪಿಂಚಣಿ ಇಲಾಖೆ, ಮುಂದೆ ವಿಧವೆಯರ ಅರ್ಜಿಗಳಲ್ಲಿ ಮೋಸವಾಗದಿರಲೆಂದು, ಪಿಂಚಣಿದಾರರಿಗೆ ಒಂದು ಪ್ರಶ್ನಾವಳಿ ಕಳಿಸಿತು: ಹೆಂಡತಿಯ ಹೆಸರೇನು, ಎಲ್ಲಿ ಯಾರ ಮುಂದೆ ಮದುವೆಯಾದಿರಿ, ಬದುಕಿರುವ ಮಕ್ಕಳು ಯಾರು. ನನ್ನ ಸಿಪಾಯಿ ತನ್ನ ಕೈಯಾರೆ ನಾಲ್ವರ ಹೆಸರು ಬರೆದಿದ್ದಾನೆ. ಎರಡು ವರ್ಷದ ನಂತರದ ಜನಗಣತಿ ತಾಯಂದಿರನ್ನು ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಉಳಿದಿವೆ ಎಂದು ಕೇಳಿತು. ಆತನ ಹೆಂಡತಿ ಏಳು, ನಾಲ್ಕು ಎಂದು ಉತ್ತರಿಸಿದ್ದಾಳೆ. ಸ್ಮಶಾನದಲ್ಲಿ ಸೈನಿಕನ ಕಲ್ಲಿನ ಹಿಂದೆ, ಹುಲ್ಲಿನಲ್ಲಿ ಮುಕ್ಕಾಲು ಮುಳುಗಿದ್ದ ಇಟ್ಟಿಗೆಯಗಲದ ಮೂರು ಕಲ್ಲುಗಳನ್ನು ನಾನು ಅಲ್ಲಿಯವರೆಗೆ ಗಡಿಕಲ್ಲುಗಳೆಂದು ತಿಳಿದಿದ್ದೆ.

ಮದುವೆಗೆ, ಜನನಕ್ಕೆ ಕಾಗದವಿದ್ದ ಬಿಳಿಯ ರೈತನ ಕಡತ ಇದು. ಕಾಗದವೇ ಇಲ್ಲದಂತೆ ಬದುಕಬೇಕಾಗಿದ್ದವರದು ಬೇರೆ ಕಥೆ. ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಪರವಾಗಿ ಹೋರಾಡಿದರು. ಡೆಟ್ರಾಯಿಟ್‌ನಲ್ಲೂ ಅಂತಹ ಒಂದು ಪಡೆ ಎದ್ದು ಮುಂದೆ 102ನೇ ಸಂಖ್ಯೆ ಪಡೆಯಿತು. ಗುಲಾಮಗಿರಿಯಲ್ಲಿ ಕೂಡಿ ಬಾಳಿದ ಗಂಡಹೆಂಡಿರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲವಾದ್ದರಿಂದ, ಅವರ ವಿಧವೆಯರ ಅರ್ಜಿ ಬಂದಾಗ ಇಲಾಖೆಯ ವಿಶೇಷ ತನಿಖಾಧಿಕಾರಿಗಳು ಹಳ್ಳಿಗಳಿಗೆ ಹೋಗಿ ಹತ್ತಾರು ಜನರ ಹೇಳಿಕೆ ಬರೆದುಕೊಂಡರು. ಅವರಿಗೆ ಅದು ಕಿರುಕುಳ. ಇಂದು ಓದುವವರಿಗೆ, ಬೇರೆಲ್ಲೂ ದಾಖಲಾಗದ ಬದುಕುಗಳ ಬಗ್ಗೆ ಅದಕ್ಕಿಂತ ತುಂಬಿದ ಮೂಲ ಕಡಿಮೆ. ಆಮೇಲೆ ನಾನು ಓದಿದ ಅಂತಹ ಎರಡು ಕಡತಗಳ ಮುಂದೆ ನನ್ನ ಸಿಪಾಯಿಯದು ತೀರ ತೆಳುವೆನಿಸಿತು. ದಕ್ಷಿಣದ ಪಕ್ಷದಲ್ಲಿ ಹೋರಾಡಿದವರಿಗೆ ಒಕ್ಕೂಟದ ಪಿಂಚಣಿಯೇ ಇರಲಿಲ್ಲ. ಅವರನ್ನು ಹುಡುಕುವವರು ಆಯಾ ದಕ್ಷಿಣ ರಾಜ್ಯಗಳ ಪತ್ರಾಗಾರಗಳಿಗೇ ಹೋಗಬೇಕು.

1907ರ ಕಾನೂನು 62 ದಾಟಿದವರಿಗೆ ಅಶಕ್ತತೆಯ ಪುರಾವೆ ಕೇಳದೆ, ಬರೀ ವಯಸ್ಸಿನ ಮೇಲೆ 12 ಡಾಲರ್ ಕೊಡಲು ಒಪ್ಪಿತು. ಆಗ 10 ಡಾಲರ್ ಪಡೆಯುತ್ತಿದ್ದ ಈತ ಹುಟ್ಟಿದ ದಿನದ ದಾಖಲೆ ಒದಗಿಸಬೇಕಾಯಿತು. ಮನೆಯ ಬೈಬಲ್ಲಿನ ಪುಟದಲ್ಲಿ ಬರೆದಿದ್ದ ಹಾಗೆ ನೋಟರಿ ನಕಲು ಮಾಡಿದ ತಾರೀಖು 1844ರ ನವೆಂಬರ್. ಎಂದರೆ 1862ರ ಆಗಸ್ಟಿನಲ್ಲಿ 18 ಎಂದು ಬರೆಸಿದಾಗ ಆತನಿಗೆ ಇನ್ನೂ 17. ಇಲಾಖೆ ವಿವರಣೆ ಕೇಳಿದ್ದಕ್ಕೆ ಆತ ಕೊಟ್ಟ ಉತ್ತರ ಎರಡೇ ಸಾಲು: ಆಗ ಹಾಗೆ ಹೇಳದಿದ್ದರೆ ಸೇರಿಸಿಕೊಳ್ಳುತ್ತಿರಲಿಲ್ಲ, ಬೈಬಲ್ಲಿನಲ್ಲಿರುವುದೇ ಸರಿ. ನಲವತ್ತೈದು ವರ್ಷಗಳ ಸುಳ್ಳು 2 ಡಾಲರಿಗೆ ಹೊರಬಿತ್ತು ಎಂದು ನಾನು ನಕ್ಕದ್ದಿದೆ, ಆದರೆ ಆ ಪತ್ರದ ಸಹಿಯನ್ನು 1862ರ ಸೇರ್ಪಡೆ ಪತ್ರದ ಸಹಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆ ನಗಲಿಲ್ಲ. ಹುಡುಗನ ಸಹಿ ಶಾಲೆಯ ಕಾಪಿ ಪುಸ್ತಕದಿಂದ ಎತ್ತಿಟ್ಟಂತಿದೆ. ಮುದುಕನದು ಗೆರೆಯ ಕೆಳಗೆ ಜಾರಿಹೋಗುತ್ತದೆ.

ಆತ 1916ರ ಜನವರಿಯಲ್ಲಿ ಸತ್ತ. ಸ್ಥಳೀಯ ವಾರಪತ್ರಿಕೆಯ ಸುದ್ದಿಯಲ್ಲಿ, ಮಾಜಿ ಸೈನಿಕರ ಸಂಘವಾದ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್‌ನ ಊರಿನ ಶಾಖೆಯವರು ಶವದ ಹಿಂದೆ ನಡೆದರೆಂದೂ, ನಡೆಯಬಲ್ಲವರು ಐದೇ ಮಂದಿ ಉಳಿದಿದ್ದರೆಂದೂ ಇದೆ. 1890ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಆ ಸಂಘದ ಕೊನೆಯ ಸದಸ್ಯ ಆಲ್ಬರ್ಟ್ ವುಲ್ಸನ್ 1956ರಲ್ಲಿ ತೀರಿಕೊಂಡಾಗ ಸಂಘವೂ ಮುಗಿಯಿತು. ವಿಧವೆಯ ಅರ್ಜಿ ಅದೇ ಕಡತಕ್ಕೆ ಸೇರಿತು. 12 ಡಾಲರಿನಿಂದ ಆರಂಭವಾದದ್ದು 1920ರ ಹೊತ್ತಿಗೆ 30 ಆಗಿ, 1926ರ ಫೆಬ್ರವರಿಯಲ್ಲಿ ಮರಣದ ಕಾರಣ ಪಟ್ಟಿಯಿಂದ ಕೈಬಿಡಲಾಗಿದೆ ಎಂಬ ಚೀಟಿಯೊಂದಿಗೆ ನಿಲ್ಲುತ್ತದೆ. ಆದರೆ ಅಂತರ್ಯುದ್ಧದ ಪಿಂಚಣಿ ಅಲ್ಲಿಗೆ ನಿಲ್ಲಲಿಲ್ಲ. ತಿಂಗಳಿಗೆ 73 ಡಾಲರ್ 13 ಸೆಂಟ್ ಪಡೆಯುತ್ತಿದ್ದ ಐರೀನ್ ಟ್ರಿಪ್ಲೆಟ್ ತೀರಿಕೊಂಡದ್ದು 2020ರ ಮೇ ತಿಂಗಳಲ್ಲಿ, ನಾನು ಈ ಕೆಲಸ ಮುಗಿಸುತ್ತಿದ್ದಾಗ. ಆಕೆಯ ತಂದೆ ಮೋಸ್ ಟ್ರಿಪ್ಲೆಟ್, ಗೆಟ್ಟಿಸ್‌ಬರ್ಗ್‌ಗೆ ಹೋಗುವ ದಾರಿಯಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆಯಿಂದ ಓಡಿಹೋಗಿ, ಮುಂದೆ ಒಕ್ಕೂಟದ ಸೇನೆಗೆ ಸೇರಿಕೊಂಡವನು. ಓಡಿಹೋಗುವ ಮುನ್ನ ಆತ ಇದ್ದದ್ದು 26ನೇ ನಾರ್ತ್ ಕೆರೊಲಿನಾ ಪಡೆಯಲ್ಲಿ, ನನ್ನ ಸಿಪಾಯಿಯ ಭುಜಕ್ಕೆ ಗುಂಡು ಹೊಡೆದ ಪಡೆಯಲ್ಲಿ.

ವಾರಪತ್ರಿಕೆಗಳ ಮರಣವಾರ್ತೆಗಳನ್ನು ಒಂದರ ಹಿಂದೊಂದು ಹಿಡಿದು, ಮಗಳು, ಮೊಮ್ಮಗ ಎಂದು ಇಳಿಯುತ್ತಾ ಬಂದು, ನನ್ನ ಮನೆಯಿಂದ ಒಂಬತ್ತು ಮೈಲಿಯಲ್ಲಿರುವ ಆತನ ಮರಿಮಗಳನ್ನು ತಲುಪಿದೆ. ಎಂಬತ್ತು ದಾಟಿದ ಆಕೆಗೆ ಕಡತದ ಪ್ರತಿಯನ್ನು ಕಟ್ಟು ಹಾಕಿಸಿ ಕೊಟ್ಟಾಗ, ಹಾಳೆ ತಿರುಗಿಸುವ ಮೊದಲೇ ಕೇಳಿದ್ದು ಒಂದೇ: ಲಿಂಕನ್‌ರ ಶವಪೆಟ್ಟಿಗೆಗೆ ಅವರು ಹೆಗಲು ಕೊಟ್ಟದ್ದು ಇದರಲ್ಲಿ ಇದೆಯೇ? ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತಂತೆ. ನನಗೆ ತಿಳಿದದ್ದನ್ನು ಹೇಳಿದೆ. 24ನೇ ಪಡೆಯನ್ನು 1865ರ ಫೆಬ್ರವರಿಯಲ್ಲಿ ಕದನಭೂಮಿಯಿಂದ ತೆಗೆದು ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್ ಹತ್ತಿರದ ಶಿಬಿರಕ್ಕೆ ಕಳಿಸಿದ್ದು ನಿಜ. ಮೇ 4ರಂದು ಲಿಂಕನ್‌ರ ಅಂತ್ಯಯಾತ್ರೆಯಲ್ಲಿ ಆ ಪಡೆ ಬೆಂಗಾವಲಾಗಿ ನಡೆದದ್ದು ನಿಜ. ಹಾಜರಿ ಚೀಟಿಯಂತೆ ಆತ ಆಗ ಪಡೆಯೊಂದಿಗೇ ಇದ್ದದ್ದೂ ನಿಜ. ಆದರೆ ಪೆಟ್ಟಿಗೆಯನ್ನು ಹೊತ್ತವರು ವಾಷಿಂಗ್ಟನ್ನಿನಿಂದ ರೈಲಿನ ಜೊತೆ ಬಂದ ವೆಟರನ್ ರಿಸರ್ವ್ ಕೋರ್ ಎಂಬ ಮೀಸಲು ಪಡೆಯ ಸಾರ್ಜೆಂಟರು. ಮೇಲಾಗಿ, ಎಡ ತೋಳನ್ನು ಎತ್ತಲಾರದವನಿಗೆ ಆ ಕೆಲಸ ಯಾರೂ ಕೊಡುತ್ತಿರಲಿಲ್ಲ.

ಆಕೆ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಚಹಾ ಬಗ್ಗಿಸಿ ಕೊಟ್ಟು, ಅವರು ಹೆಗಲು ಕೊಟ್ಟರೆಂದೇ ತಾನು ಮೊಮ್ಮಕ್ಕಳಿಗೆ ಹೇಳುವುದಾಗಿ ತಿಳಿಸಿದರು. ಎಡ ಹೆಗಲಲ್ಲ, ಬಲ ಹೆಗಲು ಎಂದು ತಿದ್ದಿಕೊಳ್ಳುತ್ತಾರಂತೆ.